‘ಹೋಗಲಿಲ್ಲ’ ಮತ್ತು ‘ಡಿಡ್ ನಾಟ್ ವೆಂಟ್’

ನಮಗೆ ಎಬಿಸಿಡಿ ಶುರುವಾಗಿದ್ದೇ ಐದನೇ ಇಯತ್ತೆಯಲ್ಲಿ. ಏಳನೇ ಇಯತ್ತೆಯಲ್ಲಿ ‘ಅವನು ಹೋಗಲಿಲ್ಲ’ ಅನ್ನುವುದಕ್ಕೆ ‘ಹಿ ಡಿಡ್ ನಾಟ್ ವೆಂಟ್’ ಅಂತ ಬರೆದು ಛಡಿ ಏಟು ತಿಂದಿದ್ದೆ. “ಡಿಡ್ ಬಂದ ಮ್ಯಾಲೆ ಗೋ ಅಂತನ ಬರೀಬೇಕು” ಅಂದರು ಮಾಸ್ತರು. ಯಾಕ್ರೀ ಸರ್ ಅಂದರೆ, “ಅದು ರೂಲು!” ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ ಕಡೆ ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ರೂಲು ಬಂತು, ಕಾರಣ ಬರಲಿಲ್ಲ. ಇಂಗ್ಲಿಷ್ ನಮ್ಮ ತಲೆಗೆ ಹತ್ತುವಂಥದ್ದಲ್ಲ ಅನ್ನುವ ಅಳುಕು ಮಾತ್ರ ಉಳಿಯಿತು.

ಕಾರಣ ಇತಿಹಾಸದಲ್ಲಿದೆ. ಇಂಗ್ಲಿಷಿನಲ್ಲಿ ಈ ‘ಡು’ ಮೊದಲಿನಿಂದ ಇರಲಿಲ್ಲ. ‘ನನಗೆ ಗೊತ್ತಿಲ್ಲ’ ಅನ್ನಲು ‘ಐ ನೋ ನಾಟ್’ ಅಂದರೆ ಸಾಕಿತ್ತು. ಪ್ರಶ್ನೆ ಕೇಳಲು ಕ್ರಿಯಾಪದವನ್ನೇ ಮುಂದಕ್ಕೆ ತರುತ್ತಿದ್ದರು: ‘ವೆಂಟ್ ಹಿ?’ ಸುಮಾರು 1500 ರಿಂದ 1700 ರ ನಡುವೆ ‘ಡು’ ನಿಧಾನವಾಗಿ ಒಳಗೆ ಬಂತು. ಶೇಕ್ಸ್‌ಪಿಯರ್ (1564-1616) ಹಳೆಯದು, ಹೊಸದು ಎರಡನ್ನೂ ಬಳಸಿದ್ದಾನೆ. 1611 ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹಳೆಯದೇ ಹೆಚ್ಚು. ಹೀಗೆ ಬಂದ ‘ಡು’ ಕಾಲದ ಹೊರೆಯನ್ನು ತಾನೇ ಹೊತ್ತುಕೊಂಡಿತು. ‘ಡಿಡ್’ ಅಂದಾಗಲೇ ಭೂತಕಾಲ ಮುಗಿಯಿತು. ಮತ್ತೆ ‘ವೆಂಟ್’ ಅಂದರೆ ಒಂದೇ ಹೊರೆಯನ್ನು ಎರಡು ಸಲ ಹೊತ್ತ ಹಾಗೆ. ‘ಡಿಡ್ ಹಿ ಗೋ?’ ಅನ್ನುವ ಪ್ರಶ್ನೆಗೂ ಇದೇ ಲೆಕ್ಕ.

ಈಗ ನಮ್ಮ ಕಡೆ ನೋಡೋಣ. ನಮ್ಮ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಹೇಳುವ ನಾಡಿನಲ್ಲಿ ಪುಲಿಗೆರೆಯೂ ಒಂದು. ಕ್ರಿ.ಶ. 941 ರ ಸುಮಾರಿಗೆ ವಿಕ್ರಮಾರ್ಜುನ ವಿಜಯ ಬರೆದ ಪಂಪ, ತನ್ನದು ಪುಲಿಗೆರೆಯ ತಿರುಳುಗನ್ನಡ ಅಂತ ಹೆಮ್ಮೆಪಟ್ಟ. ಆ ಹಳಗನ್ನಡದಲ್ಲಿ ‘ಪೋದಂ’ ಅಂದರೆ ಹೋದನು, ‘ಪೋಪಂ’ ಅಂದರೆ ಹೋಗುವನು, ‘ಪೋಗಂ’ ಅಂದರೆ ಹೋಗನು. ‘ಇಲ್ಲ’ ಬೇಕೇ ಇರಲಿಲ್ಲ. ಕಾಲದ ಗುರುತನ್ನು ತೆಗೆದರೆ ಅದೇ ನಿಷೇಧ! ಹೋಗಲಿಲ್ಲ, ಹೋಗುವುದಿಲ್ಲ ಎರಡಕ್ಕೂ ಅದೊಂದೇ ರೂಪ. ಗದುಗಿನ ಕುಮಾರವ್ಯಾಸನ ಕಾಲಕ್ಕೂ ಈ ಬಗೆ ಜೀವಂತವಾಗಿತ್ತು. ಮುಂದೆ ಕನ್ನಡಕ್ಕೂ ಕಾಲ ಬಿಡಿಸಿ ಹೇಳಬೇಕಾಯಿತು, ‘ಇಲ್ಲ’ ಹೆಗಲು ಕೊಟ್ಟಿತು. ಹೋಗಲ್ + ಇಲ್ಲ = ಹೋಗಲಿಲ್ಲ. ಗಮನಿಸಿ, ಇಲ್ಲಿ ‘ಹೋದ’ ಎಲ್ಲಿದೆ? ‘ಹೋದಲಿಲ್ಲ’ ಅಂತ ಯಾವ ಮಗುವೂ ಅನ್ನುವುದಿಲ್ಲ. ಅಂದರೆ ‘ಡಿಡ್ ನಾಟ್ ಗೋ’ದ ರೂಲು ನಮ್ಮ ನಾಲಿಗೆಯ ಮೇಲೆ ಆಗಲೇ ಇತ್ತು!

ಪ್ರಶ್ನೆಯ ವಿಷಯದಲ್ಲಿ ಮಾತ್ರ ದಾರಿ ಬೇರೆ. ನಾವು ‘ಹೋದನೇನು?’ ಅನ್ನುತ್ತೇವೆ, ಕಾಲ ಕ್ರಿಯಾಪದದ ಮೇಲೆಯೇ ಉಳಿಯುತ್ತದೆ. ಅದಕ್ಕೇ ನಮ್ಮ ಹುಡುಗರ ಬಾಯಲ್ಲಿ ‘ಹಿ ವೆಂಟ್ ಆ?’ ಬರುವುದು. ಇಲ್ಲಿ ಎಡವುವುದು ದಡ್ಡತನದಿಂದಲ್ಲ, ಕನ್ನಡದ ಕ್ರಮದಿಂದ.

ಇನ್ನೊಂದು ಮಜಾ. ಇಂಗ್ಲಿಷಿನ ಕ್ಯಾನ್, ವಿಲ್, ಈಸ್‌ಗಳು ಇಂದಿಗೂ ‘ಡು’ವನ್ನು ಹತ್ತಿರ ಸೇರಿಸಿಲ್ಲ. ನಮ್ಮಲ್ಲೂ ಹಾಗೇ ‘ನಾ ಒಲ್ಲೆ’, ‘ಮಾಡಲಾರೆ’ಗಳಿಗೆ ‘ಇಲ್ಲ’ದ ಹಂಗಿಲ್ಲ. ಮುಂಡರಗಿಯ ರೈತ ಆಕಾಶ ನೋಡಿ “ಮಳಿ ಬರವಲ್ದು” ಅಂದಾಗ ಅವನ ಬಾಯಲ್ಲಿರುವುದು ‘ಬರಲೊಲ್ಲದು’, ಆ ಹಳೆಯ ನಿಷೇಧವೇ.

ಮೊನ್ನೆ ಅಕ್ಕನ ಮಗ ನನ್ನ ತಪ್ಪನ್ನೇ ಬರೆದಿದ್ದ. “ಹೋದಲಿಲ್ಲ ಅಂತೀಯೇನಪಾ?” ಅಂದೆ. ನಕ್ಕ. “ಹಂಗಾರ ಇಲ್ಲಿ ವೆಂಟ್ ಯಾಕ?” ಒಂದು ಗಳಿಗೆ ಸುಮ್ಮನಿದ್ದು, ತಾನೇ ಹೊಡೆದುಹಾಕಿ ‘ಗೋ’ ಬರೆದ. “ಮಾಮಾ, ನಿಮ್ಮ ಸರ್ ಹಿಂಗ ಹೇಳಿದ್ದರೇನು?” ಅಂತ ಕೇಳಿದ.

ಹೇಳಲಿಲ್ಲಪ್ಪ, ಅಂದೆ.

ನಿಮ್ಮೂರ ಮಾತಿನಲ್ಲಿ ‘ಇಲ್ಲ’ ಇಲ್ಲದ ಇಂಥ ನಿಷೇಧಗಳು ಇನ್ನೂ ಯಾವ್ಯಾವು ಉಳಿದಿವೆ?