ಚಕ್ರ ಎಸೆದಾಕೆಯ ಕವಿತೆ

1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್ ಎಂದರೆ ನಮಗೆ ನೆನಪಾಗುವುದು ಹಾಕಿ. ಜೈಪಾಲ್ ಸಿಂಗ್, ಧ್ಯಾನ್‌ಚಂದ್, ಫಿರೋಜ್ ಖಾನ್, ಶೌಕತ್ ಅಲಿ ಇದ್ದ ತಂಡ ಭಾರತಕ್ಕೆ ಮೊದಲ ಚಿನ್ನ ತಂದದ್ದು ಅಲ್ಲಿಂದಲೇ. ಅದೇ ಕೂಟದಲ್ಲಿ ಪೋಲೆಂಡ್‌ಗೂ ಕ್ರೀಡೆಯ ಮೊದಲ ಚಿನ್ನ ಬಂತು. ತಂದವರು ಹಲಿನಾ ಕೊನೊಪಾಟ್ಸ್ಕಾ. ಚಕ್ರ ಎಸೆತದಲ್ಲಿ 39.62 ಮೀಟರ್, ವಿಶ್ವದಾಖಲೆ.

ಒಲಿಂಪಿಕ್ಸ್‌ನ ಓಟ, ಜಿಗಿತ, ಎಸೆತಗಳಿಗೆ ಮಹಿಳೆಯರನ್ನು ಸೇರಿಸಿಕೊಂಡದ್ದೇ ಆ ವರ್ಷ. ಅದೂ ಅರೆಮನಸ್ಸಿನಿಂದ. 800 ಮೀಟರ್ ಓಡಿದವರು ದಣಿದರೆಂದು ಗುಲ್ಲೆಬ್ಬಿಸಿ, 1960ರವರೆಗೆ ಆ ಓಟವನ್ನೇ ಅವರಿಂದ ಕಿತ್ತುಕೊಳ್ಳಲಾಯಿತು. ಗಂಡಸರು ದಣಿಯುವುದಿಲ್ಲವೇ?

ಆಗ ಒಲಿಂಪಿಕ್ಸ್‌ನಲ್ಲಿ ಕಾವ್ಯಕ್ಕೂ ಪದಕವಿತ್ತು. ಕ್ರೀಡೆಯ ಮೇಲೆ ಕವಿತೆ ಬರೆದ ಪೋಲೆಂಡಿನ ಕಾಜಿಮಿಯೆಜ್ ವಿಯೆಜಿನ್‌ಸ್ಕಿಗೆ ಅದೇ ವರ್ಷ ಚಿನ್ನ ಸಿಕ್ಕಿತು. ಕ್ರೀಡಾಪಟುವಿನ ಬಗ್ಗೆ ಬರೆದ ಕವಿ ಸಾಹಿತ್ಯ ಚರಿತ್ರೆಯಲ್ಲಿ ಉಳಿದರು. ಸ್ವತಃ ಕವಿತೆ ಬರೆದ ಕ್ರೀಡಾಪಟು? 1929ರಲ್ಲಿ ಹಲಿನಾರ ಸಂಕಲನ ಬಂತು. ಹೆಸರಿನ ಅರ್ಥ 'ಒಂದು ದಿನ'. ಅಂದಿನ ಪ್ರಮುಖ ಸಾಹಿತ್ಯ ಪತ್ರಿಕೆಗಳು ಅವರ ಕವಿತೆಗಳನ್ನು ಪ್ರಕಟಿಸಿದ್ದವು. ಆದರೂ ಪದಕದ ಬೆಳಕಿನಲ್ಲಿ ಪುಸ್ತಕ ಕಾಣದಾಯಿತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಹೆಸರು ಕೊಡಗಿನ ಗೌರಮ್ಮ. ಟೆನಿಸ್ ಆಡುತ್ತಿದ್ದವರು, ಈಜುತ್ತಿದ್ದವರು, ಕಥೆ ಬರೆದವರು. 1939ರಲ್ಲಿ ನೀರಿಗೆ ಬಲಿಯಾದರು. 'ಕಂಬನಿ' ಬಂದದ್ದು ಆಮೇಲೆ. ಅವರ ವಿಷಯದಲ್ಲಿ ಉಳಿದದ್ದು ಬರಹ, ಮರೆತದ್ದು ಆಟ. ಕುದೇರಿನಂಥ ಊರಿನ ಶಾಲಾ ಕ್ರೀಡಾಕೂಟದಲ್ಲಿ ಚಕ್ರ ಎಸೆದು ಗೆದ್ದ ಹುಡುಗಿ ಕವಿತೆಯನ್ನೂ ಬರೆದರೆ, ನಾವು ಅವಳಲ್ಲಿ ಯಾವುದನ್ನು ಕೇಳುತ್ತೇವೆ?

ಗೌರಮ್ಮ ತೀರಿಕೊಂಡ ಅದೇ ವರ್ಷ ಹಲಿನಾರ ದೇಶದ ಮೇಲೆ ಹಿಟ್ಲರನ ಸೇನೆ ನುಗ್ಗಿತು. ಅವರ ಪತಿ, ಮಾಜಿ ಹಣಕಾಸು ಸಚಿವ ಇಗ್ನಾಟ್ಸಿ ಮಾತುಶೆವ್ಸ್ಕಿ, ಪೋಲೆಂಡ್ ಬ್ಯಾಂಕಿನ ಸುಮಾರು 75 ಟನ್ ಚಿನ್ನವನ್ನು ಹೊರಸಾಗಿಸಲು ನಿಂತವರಲ್ಲಿ ಒಬ್ಬರು. ಒಂದು ವಾಹನವನ್ನು ಹಲಿನಾರೇ ಓಡಿಸಿದರೆಂದು ಹೇಳುತ್ತಾರೆ. ಆ ಚಿನ್ನ ರುಮೇನಿಯಾ, ಇಸ್ತಾಂಬುಲ್, ಬೈರೂತ್ ದಾಟಿ ಫ್ರಾನ್ಸ್ ತಲುಪಿತು. ಚಿನ್ನ ಉಳಿಯಿತು, ಊರು ಉಳಿಯಲಿಲ್ಲ. 1941ರಲ್ಲಿ ಅವರು ಅಮೆರಿಕ ಸೇರಿದರು. ವಿಯೆಜಿನ್‌ಸ್ಕಿ ಕೂಡ ಯುದ್ಧಕಾಲದಲ್ಲಿ ಅಲ್ಲಿಗೇ ಬಂದರು. ಅವರು ಬರೆಯುತ್ತಲೇ ಹೋದರು.

ಹಲಿನಾ ಕುಂಚ ಹಿಡಿದರು. ಚಿತ್ರಗಳ ಮೇಲೆ ಹಾಕಿದ ಹೆಸರು ಹೆಲೆನ್ ಜಾರ್ಜ್. ಆ ಹೆಸರಿನಲ್ಲಿ ಪದಕವೂ ಇರಲಿಲ್ಲ, ಪೋಲೆಂಡೂ ಇರಲಿಲ್ಲ. 1989ರಲ್ಲಿ ಫ್ಲೋರಿಡಾದಲ್ಲಿ ತೀರಿಕೊಂಡರು. ಮರುವರ್ಷ ಚಿತಾಭಸ್ಮ ವಾರ್ಸಾ ನಗರಕ್ಕೆ ಬಂತು. ದೇಶದ ಅತ್ಯುನ್ನತ ಗೌರವವಾದ ಬಿಳಿ ಹದ್ದಿನ ಪದಕವನ್ನು ಮರಣೋತ್ತರವಾಗಿ ಕೊಟ್ಟದ್ದು 2018ರಲ್ಲಿ.