ಜಾಕ್ ಸ್ಪ್ಯಾರೋ ಮತ್ತು ನಮ್ಮ ನಗರದ ಖಜಾನೆ

ಬಡಗುತಿಟ್ಟಿನ ಆಟದಲ್ಲಿ ಹಾಸ್ಯಗಾರ ರಂಗಕ್ಕೆ ಬರುವ ರೀತಿ ನಿಮಗೆ ಗೊತ್ತು. ಅವನಿನ್ನೂ ಒಂದು ಮಾತೂ ಆಡಿರುವುದಿಲ್ಲ, ನಡೆಯುವ ಧಾಟಿಗೇ ಜನ ನಕ್ಕಿರುತ್ತಾರೆ. 2003ರಲ್ಲಿ ಬಂದ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸಿನಿಮಾದಲ್ಲಿ ಜಾಕ್ ಸ್ಪ್ಯಾರೋನ ಪ್ರವೇಶವೂ ಹಾಗೇ ಇದೆ. ಹಾಯಿಕಂಬದ ತುದಿಯಲ್ಲಿ ಮಹಾರಾಜನ ಗತ್ತಿನಲ್ಲಿ ನಿಂತಿದ್ದಾನೆ. ಕ್ಯಾಮೆರಾ ಕೆಳಗಿಳಿದರೆ ಅದೊಂದು ಪುಟ್ಟ ದೋಣಿ, ಒಳಗೆಲ್ಲ ನೀರು. ಬಂದರು ಮುಟ್ಟುವಷ್ಟರಲ್ಲಿ ದೋಣಿ ಮುಳುಗಿ ಕಂಬದ ತುದಿ ಮಾತ್ರ ಉಳಿದಿರುತ್ತದೆ. ಆ ತುದಿಯಿಂದ ಏನೂ ಆಗಿಲ್ಲವೆಂಬಂತೆ ಕಟ್ಟೆಯ ಮೇಲೆ ಕಾಲಿಡುತ್ತಾನೆ.

ನಾವು ಇದನ್ನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ, ಹಿಂದಿ ಡಬ್ಬಿಂಗಿನಲ್ಲಿ, ಒಂದೇ ಲ್ಯಾಪ್‌ಟಾಪಿನ ಸುತ್ತ ಕೂತು. ಈಚೆಗೆ ಮತ್ತೆ ನೋಡಿದೆವು. ಈಗಲೂ ನಗು ಬಂತು. ಆದರೆ ಈ ಸಲ ನಡುನಡುವೆ 'ಇದು ಹೀಗಲ್ಲವಲ್ಲ' ಅನ್ನಿಸುತ್ತಲೇ ಇತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಕಡಲುಗಳ್ಳರ ಸಿನಿಮಾದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದನ್ನು ಹೇಳುವುದಕ್ಕೇ ಈ ಬರಹ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡೋಣ. ನಿರ್ದೇಶಕ ಗೋರ್ ವರ್ಬಿನ್ಸ್ಕಿ ಕತೆಯನ್ನು ಎಲ್ಲೂ ನಿಲ್ಲಲು ಬಿಡುವುದಿಲ್ಲ. ಜಾನಿ ಡೆಪ್ ಮಾಡಿದ ಜಾಕ್ ಪಾತ್ರ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಕಡಲುಗಳ್ಳರು ತಮ್ಮೊಳಗೊಂದು ಕಟ್ಟಳೆ ಇಟ್ಟುಕೊಂಡಿರುವುದು, ಕಪ್ತಾನನನ್ನು ತಾವೇ ಆರಿಸುವುದು ಬರೀ ಕಲ್ಪನೆಯಲ್ಲ. ಅಟ್ಲಾಂಟಿಕ್ ಕಡಲಿನ ಎಷ್ಟೋ ಕಳ್ಳಹಡಗುಗಳಲ್ಲಿ ಲೂಟಿಯ ಪಾಲು ಯಾರಿಗೆಷ್ಟು ಎಂದು ಮೊದಲೇ ಬರೆದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ಬಾರ್ಬೋಸಾ ನಮ್ಮ ಬಣ್ಣದ ವೇಷದ ಹಾಗೆ ಅಬ್ಬರಿಸಿ, ಕೊನೆಗೊಂದು ಸೇಬಿಗೆ ಆಸೆಪಟ್ಟು ಸಾಯುತ್ತಾನೆ. ಅದು ನಿಜಕ್ಕೂ ಒಳ್ಳೆಯ ದೃಶ್ಯ.

ನಮಗೆ ಮುಳ್ಳು ಚುಚ್ಚಿದ್ದು 2007ರ ಮೂರನೇ ಭಾಗದಲ್ಲಿ. ಜಗತ್ತಿನ ಒಂಬತ್ತು ಕಡಲುಗಳ್ಳ ನಾಯಕರು ಸಭೆ ಸೇರುತ್ತಾರೆ. ಅವರಲ್ಲಿ ಹಿಂದೂ ಮಹಾಸಾಗರದ ನಾಯಕನ ಹೆಸರು ಶ್ರೀ ಸುಂಭಾಜಿ ಆಂಗ್ರಿಯಾ. ತಲೆಗೆ ರುಮಾಲು, ಮುಖ ತುಂಬ ಗಡ್ಡ, ಬಾಯಿ ಮಾತ್ರ ಬಿಡುವುದಿಲ್ಲ. ಪಕ್ಕದವನು ಅವನ ಪರವಾಗಿ ಮಾತಾಡುತ್ತಾನೆ. ಕೊನೆಗೆ ತಾನೇ ಬಾಯಿ ತೆರೆದಾಗ ಬರುವುದು ಕೀಚಲು ದನಿ. ಅಷ್ಟೇ ಅವನ ಪಾತ್ರ.

ಈ ಹೆಸರು ಗಾಳಿಯಿಂದ ಬಂದದ್ದಲ್ಲ. ಸಂಭಾಜಿ ಆಂಗ್ರೆ ಕೊಂಕಣದಲ್ಲಿ ನಿಜವಾಗಿ ಇದ್ದವನು, 1742ರಲ್ಲಿ ತೀರಿಕೊಂಡ. ಅವನ ತಂದೆ ಕಾನ್ಹೋಜಿ ಆಂಗ್ರೆ ಮರಾಠರ ನೌಕಾಪಡೆಯ ಮುಖ್ಯಸ್ಥ, 'ಸರಖೇಲ್'. ಇಂಗ್ಲಿಷರ ದಾಖಲೆಗಳಲ್ಲಿ ಅಪ್ಪ, ಮಕ್ಕಳು ಎಲ್ಲರೂ ಕಡಲುಗಳ್ಳರೇ. ಅವರು ಮಾಡಿದ ತಪ್ಪೇನು? ತಮ್ಮ ಕರಾವಳಿಯಲ್ಲಿ ಹಾದುಹೋಗುವ ಹಡಗು ತಮ್ಮ ರಹದಾರಿ ಪಡೆಯಬೇಕು, ಇಲ್ಲದಿದ್ದರೆ ಹಿಡಿಯುತ್ತೇವೆ ಎಂದರು. ಅದಕ್ಕೂ 200 ವರ್ಷ ಮೊದಲೇ ಪೋರ್ಚುಗೀಸರು 'ಕಾರ್ತಾಜ್' ಎಂಬ ಚೀಟಿ ಕೊಟ್ಟು ಇದೇ ಕೆಲಸ ಮಾಡಿದ್ದರು. ಚೀಟಿ ಇಲ್ಲದ ಹಡಗನ್ನು ಸರಕಿನ ಸಮೇತ ಮುಟ್ಟುಗೋಲು ಹಾಕುತ್ತಿದ್ದರು. ಅವರನ್ನು ಮಾತ್ರ ಪುಸ್ತಕಗಳು ನಾವಿಕರು, ಅನ್ವೇಷಕರು ಎನ್ನುತ್ತವೆ.

ಹಾಗೆಂದು ಈ ಕಡೆಯವರೆಲ್ಲ ಸಾಧುಗಳು ಎಂದು ನಾವು ಹೇಳುತ್ತಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿ ಸ್ವತಃ ಹಡಗಿನಲ್ಲಿ ಬಂದು ಬಸರೂರನ್ನು ಲೂಟಿ ಮಾಡಿದ. ಬಸರೂರು ಆಗ ಕೆಳದಿ ಅರಸರ ಬಂದರು. ಅಂಗಡಿ ಕಳೆದುಕೊಂಡ ಬಸರೂರಿನ ಸೆಟ್ಟಿಗೆ, ಬಂದದ್ದು ಕಳ್ಳನೋ ರಾಜನೋ ಎಂಬ ಚರ್ಚೆ ಬೇಕಾಗಿರಲಿಲ್ಲ.

ಕೆಳದಿಯ ಮಾತು ಬಂತಲ್ಲ, ನಮ್ಮ ಊರುಗಳು ಕತೆಯೊಳಗೆ ಬರುವುದು ಇಲ್ಲಿಂದ. ಕೆಳದಿ, ಇಕ್ಕೇರಿ ಎರಡೂ ಸಾಗರ ತಾಲ್ಲೂಕಿನಲ್ಲಿವೆ. ಮುಂದೆ ರಾಜಧಾನಿಯಾದ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕವಲೇದುರ್ಗ ತೀರ್ಥಹಳ್ಳಿಗೆ ಸೇರಿದ್ದು. ಘಟ್ಟದ ಮೇಲೆ ಕೂತು ಈ ಅರಸರು ಹೊನ್ನಾವರದಿಂದ ಮಂಗಳೂರಿನವರೆಗಿನ ಬಂದರುಗಳನ್ನು ಆಳಿದರು. ನಮ್ಮ ತೋಟದ ಕಾಳುಮೆಣಸು ಎತ್ತಿನ ಹೇರಾಗಿ ಘಟ್ಟ ಇಳಿಯುತ್ತಿತ್ತು. ಕೆಳಗಿನ ಗದ್ದೆಗಳ ಅಕ್ಕಿ ಗೋವೆಗೂ ಮಸ್ಕತ್ತಿಗೂ ಹೋಗುತ್ತಿತ್ತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದು ಪೋರ್ಚುಗೀಸ್ ರಾಯಭಾರಿಯ ಜೊತೆ. ಆ ಪೋರ್ಚುಗೀಸರು ವೆಂಕಟಪ್ಪ ನಾಯಕನ ಮೆಣಸಿನ ಗಿರಾಕಿಗಳು. ಅದೇ ಪೋರ್ಚುಗೀಸರ ಕೈಯಿಂದ ಶಿವಪ್ಪ ನಾಯಕ 1652ರಿಂದ 1654ರೊಳಗೆ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡ.

ಈ ಕರಾವಳಿಯಲ್ಲಿ ಕಡಲುಗಳ್ಳರ ಕತೆ ಕೆಳದಿಗಿಂತ ಎಷ್ಟೋ ಹಳೆಯದು. ಮಾರ್ಕೊ ಪೋಲೊ ಬರೆದಂತೆ, ಮಲಬಾರ್ ಕಡೆಯ ಕಳ್ಳರು ಹೆಂಡತಿ ಮಕ್ಕಳ ಸಮೇತ ಹಡಗಿನಲ್ಲೇ ಮಳೆಗಾಲದವರೆಗೆ ಸಂಸಾರ ಮಾಡುತ್ತಿದ್ದರು. ಇಪ್ಪತ್ತು ಮೂವತ್ತು ಹಡಗುಗಳು ಮೈಲಿಗಟ್ಟಲೆ ಅಂತರ ಬಿಟ್ಟು ಸಾಲಾಗಿ ನಿಂತು, ಬೆಂಕಿ ಅಥವಾ ಹೊಗೆಯಿಂದ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದವು. ಹೀಗೆ ಬಲೆ ಬೀಸಿದರೆ ಯಾವ ವ್ಯಾಪಾರಿ ತಪ್ಪಿಸಿಕೊಂಡಾನು?

ತಪ್ಪಿಸಿಕೊಳ್ಳಲಾಗದವರಲ್ಲಿ ಒಬ್ಬ ಇಬ್ನ್ ಬತೂತಾ. 1340ರ ದಶಕದಲ್ಲಿ ಅವನ ಹಡಗನ್ನು ಹೊನ್ನಾವರ ಮತ್ತು ಬಾರ್ಕೂರಿನ ನಡುವಿನ ಒಂದು ಸಣ್ಣ ದ್ವೀಪದ ಹತ್ತಿರ 12 ಹಡಗುಗಳು ಮುತ್ತಿದವು. ಸಿಂಹಳದ ರಾಜ ಕೊಟ್ಟ ರತ್ನಗಳು, ಬಟ್ಟೆಬರೆ, ದಾರಿಯ ಬುತ್ತಿ ಎಲ್ಲ ಹೋಯಿತು. ಮೈಮೇಲೆ ಉಳಿದದ್ದು ಚಲ್ಲಣ ಮಾತ್ರ. ಅದೇ ವೇಷದಲ್ಲಿ ಕಲ್ಲಿಕೋಟೆ ಸೇರಿ ಮಸೀದಿಯೊಂದಕ್ಕೆ ಹೋದ, ಅಲ್ಲಿ ಜನ ಬಟ್ಟೆ ಕೊಟ್ಟರು. ಜಾಕ್ ಸ್ಪ್ಯಾರೋಗೆ ಇದು ತಮಾಷೆಯ ದೃಶ್ಯ ಆಗುತ್ತಿತ್ತು, ಒಪ್ಪುತ್ತೇವೆ. ಆದರೆ ಲೂಟಿಗೆ ಒಳಗಾದವನೇ ಬರೆದದ್ದರಿಂದ ನಮಗೆ ಆ ದಿನದ ನೋವು ತಿಳಿಯುತ್ತದೆ. ಸಿನಿಮಾದಲ್ಲಿ ಹಡಗು ಕಳೆದುಕೊಂಡ ಒಬ್ಬ ವ್ಯಾಪಾರಿಗೂ ಕತೆಯಿಲ್ಲ. ಸುಟ್ಟ ಊರಿನ ಜನ ಓಡುತ್ತಾರೆ, ಕಿರುಚುತ್ತಾರೆ, ಮರೆಯಾಗುತ್ತಾರೆ. ಈ ಸಿನಿಮಾದ ದೊಡ್ಡ ಕೊರತೆ ನಮ್ಮ ಲೆಕ್ಕದಲ್ಲಿ ಇದೇ.

ಜಾಕ್‌ನ ಹಾಗೆ ಎರಡು ದೋಣಿಯಲ್ಲಿ ಕಾಲಿಟ್ಟವನೊಬ್ಬ ಹೊನ್ನಾವರದಲ್ಲೇ ಇದ್ದ. ಅವನ ಹೆಸರು ತಿಮ್ಮೋಜ. ಪೋರ್ಚುಗೀಸರು ಅವನನ್ನು ಕಡಲುಗಳ್ಳ ಎಂದರು, ವಿಜಯನಗರಕ್ಕೆ ಅವನು ಕಡಲಿನ ಬಲವಾಗಿದ್ದ. 1510ರಲ್ಲಿ ಆಲ್ಬುಕರ್ಕ್ ಬೇರೆ ಕಡೆ ಹೊರಟವನನ್ನು ತಡೆದು, ಈಗ ಗೋವೆ ಹಿಡಿಯುವುದು ಸುಲಭ ಎಂದು ದಾರಿ ತೋರಿಸಿದವನು ಇವನೇ. ಗೋವೆ ಸಿಕ್ಕಿತು, ತಿಮ್ಮೋಜನಿಗೆ ಅಧಿಕಾರವೂ ಸಿಕ್ಕಿತು. ಆದರೆ ಊರಿನ ಒಡೆತನ ಪೋರ್ಚುಗೀಸರಲ್ಲೇ ಉಳಿಯಿತು, 1961ರವರೆಗೂ. ಕೀಚಲು ದನಿಯ ಸುಂಭಾಜಿಯ ಬದಲು ಇಂಥವನೊಬ್ಬ ಆ ಸಭೆಯಲ್ಲಿ ಕೂತಿದ್ದರೆ ಜಾಕ್‌ಗೆ ಸರಿಯಾದ ಜೋಡಿ ಸಿಗುತ್ತಿತ್ತು.

ಇಷ್ಟು ಬೈದ ಮೇಲೆ ಸಿನಿಮಾದ ಒಂದು ದೊಡ್ಡ ಗುಣವನ್ನೂ ಹೇಳಬೇಕು. ಈ ಸರಣಿಯಲ್ಲಿ ಎಲ್ಲರಿಗಿಂತ ಕ್ರೂರಿ ಕಡಲುಗಳ್ಳನಲ್ಲ, ಈಸ್ಟ್ ಇಂಡಿಯಾ ಕಂಪನಿ. ಜಾಕ್‌ನ ತೋಳಿನ ಮೇಲೆ ಕಾದ ಕಬ್ಬಿಣದ ಬರೆ ಹಾಕಿದ್ದು ಕಂಪನಿ. ಮೂರನೇ ಭಾಗ ಶುರುವಾಗುವುದೇ ಸಾಲು ನೇಣಿನಿಂದ. ವಿಚಾರಣೆಯ ಹಕ್ಕು, ವಕೀಲರನ್ನು ಇಡುವ ಹಕ್ಕು ಎಲ್ಲ ರದ್ದು ಎಂದು ಒಬ್ಬ ಓದುತ್ತಿರುತ್ತಾನೆ, ಸಾಲಿನಲ್ಲಿ ಒಬ್ಬ ಚಿಕ್ಕ ಹುಡುಗನೂ ನಿಂತಿರುತ್ತಾನೆ. ಹಾಲಿವುಡ್ಡಿನ ತಮಾಷೆ ಸಿನಿಮಾ ಇಷ್ಟು ಹೇಳುತ್ತದೆಂದು ನಾವು ಎಣಿಸಿರಲಿಲ್ಲ. ಭೂಗೋಳ ಮಾತ್ರ ತಪ್ಪು. ಇಂಗ್ಲಿಷ್ ಕಂಪನಿಯ ಸನದು ಇದ್ದದ್ದು ಆಫ್ರಿಕಾದ ತುದಿಯಿಂದ ಪೂರ್ವಕ್ಕೆ. ಅದು ಮೆರೆದದ್ದು ಕೆರಿಬಿಯನ್ ದ್ವೀಪಗಳಲ್ಲಲ್ಲ, ನಮ್ಮಲ್ಲಿ.

ಕಾರವಾರದಲ್ಲಿ ಕಂಪನಿಗೆ ಕೋಠಿ ಇತ್ತು. 1697ರ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಕಿಡ್ ನೀರು, ಕಟ್ಟಿಗೆಗಾಗಿ ಅಲ್ಲಿ ಲಂಗರು ಹಾಕಿದ್ದ. ಕಡಲುಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ರಾಜ ಕಳಿಸಿದವನು, ತಾನೇ ಕಡಲುಗಳ್ಳನೆಂದು 1701ರಲ್ಲಿ ಲಂಡನ್ನಿನಲ್ಲಿ ನೇಣಿಗೇರಿದ.

ಆದರೆ ಕಂಪನಿಯ ಕತೆ ನಿಜಕ್ಕೂ ನೋಡಬೇಕಾದದ್ದು ಹೊಸನಗರದ ನಗರದಲ್ಲಿ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು, ಅಲ್ಲಿನ ದೊಡ್ಡ ಖಜಾನೆ ವಶಪಡಿಸಿಕೊಂಡು, ಊರಿಗೆ ಹೈದರನಗರ ಎಂದು ಹೆಸರಿಟ್ಟ. ಇಪ್ಪತ್ತು ವರ್ಷದ ಮೇಲೆ, 1783ರ ಜನವರಿಯಲ್ಲಿ, ಕಂಪನಿಯ ಬೊಂಬಾಯಿ ಸೈನ್ಯ ಜನರಲ್ ಮ್ಯಾಥ್ಯೂಸ್ ಕೈಕೆಳಗೆ ಕರಾವಳಿಯಿಂದ ಹೊಸಂಗಡಿ ಘಟ್ಟ ಹತ್ತಿ ಬಂತು. ನಗರದ ಕೋಟೆಯನ್ನು ಅಲ್ಲಿನ ಅಧಿಕಾರಿ ಅಯಾಜ್ ಯುದ್ಧವಿಲ್ಲದೆ ಬಿಟ್ಟುಕೊಟ್ಟ. ಸಾಗರ ತಾಲ್ಲೂಕಿನ ಆನಂದಪುರದ ಕೋಟೆ ಮಾತ್ರ ನುಗ್ಗಿ ಹಿಡಿದದ್ದು. ಅಲ್ಲಿ ಹೆಂಗಸರನ್ನೂ ಬಿಡದೆ ಕೊಂದರೆಂದು ಮುಂದೆ ಇಂಗ್ಲೆಂಡಿನಲ್ಲೇ ಅಚ್ಚಾಯಿತು. ಕಂಪನಿಯ ಅಧಿಕಾರಿಗಳು ಅದನ್ನು ಅಲ್ಲಗಳೆದರು.

ನಗರದ ಖಜಾನೆ ಕಂಡದ್ದೇ ತಡ, ಅಧಿಕಾರಿಗಳ ನಡುವೆ ಪಾಲಿಗಾಗಿ ಜಗಳ ಶುರುವಾಯಿತು. ಕೆಲವು ಹಿರಿಯರು ಸೈನ್ಯ ಬಿಟ್ಟು ಬೊಂಬಾಯಿಗೆ ದೂರು ಒಯ್ದರು. ಅಷ್ಟರಲ್ಲಿ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು ಮುತ್ತಿಗೆ ಹಾಕಿದ. ಕೆಲವು ವಾರ ಸೆಣಸಿ ಮ್ಯಾಥ್ಯೂಸ್ ಶರಣಾದ. ಸರ್ಕಾರದ ಹಣ ಬಿಟ್ಟು ಹೊರಡಬೇಕೆಂಬುದು ಕರಾರು. ಹಣವನ್ನು ಸಿಪಾಯಿಗಳು, ಅಧಿಕಾರಿಗಳು ತಮ್ಮ ಸಾಮಾನಿನಲ್ಲಿ ಬಚ್ಚಿಟ್ಟುಕೊಂಡಿದ್ದಾರೆಂದು ಟಿಪ್ಪು ಎಲ್ಲರನ್ನೂ ಸೆರೆ ಹಿಡಿದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಕಳ್ಳಹಡಗಿನಲ್ಲಾದರೂ ಪಾಲಿನ ಕರಾರು ಮೊದಲೇ ಆಗಿರುತ್ತಿತ್ತು!

ಕೊನೆಗೆ ನಿಧಿಯ ವಿಚಾರ. ಸಿನಿಮಾದಲ್ಲಿ 882 ಚಿನ್ನದ ನಾಣ್ಯಗಳು, ಅವಕ್ಕೊಂದು ಶಾಪ. ಹೂತಿಟ್ಟ ಪೆಟ್ಟಿಗೆ, ಗುರುತು ಹಾಕಿದ ನಕ್ಷೆ ಎಂಬ ಕಲ್ಪನೆ ಜನಪ್ರಿಯವಾದದ್ದು 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನನ 'ಟ್ರೆಷರ್ ಐಲ್ಯಾಂಡ್' ಕಾದಂಬರಿಯಿಂದ. ನಿಜದ ಕಡಲುಗಳ್ಳರ ಲೂಟಿ ಹೆಚ್ಚಾಗಿ ಅಕ್ಕಿ, ಬಟ್ಟೆ, ಮೆಣಸು, ಕುದುರೆ. ಅಕ್ಕಿ ಹೂತಿಟ್ಟರೆ ಗೆದ್ದಲು ತಿನ್ನುತ್ತದೆ, ಕುದುರೆಯನ್ನು ಹೂಳಲಾಗುವುದಿಲ್ಲ. ಸಿಕ್ಕಿದ್ದನ್ನು ಮುಂದಿನ ಬಂದರಿನಲ್ಲೇ ಮಾರುತ್ತಿದ್ದರು.

ಸಿನಿಮಾದಲ್ಲಿ ಶಾಪದ ನಿಧಿ ಚಂದ. ನಮ್ಮಲ್ಲಿ ಸರ್ಪಗಾವಲಿನ ಕತೆ ನಂಬಿ ಅಮಾವಾಸ್ಯೆಯ ರಾತ್ರಿ ಹಾಳುಗುಡಿಯ ಲಿಂಗ ಕಿತ್ತು ಅಗೆಯುವವರಿದ್ದಾರೆ. ಖಜಾನೆ 1763ರಲ್ಲಿ ಒಮ್ಮೆ, 1783ರಲ್ಲಿ ಇನ್ನೊಮ್ಮೆ ಕೈಬದಲಾಗಿ ಹೋಗಿದೆ. ಉಳಿದದ್ದು ಆ ಕಲ್ಲು, ಆ ಗೋಡೆ. ಅವರು ಒಡೆಯುತ್ತಿರುವುದು ಅದನ್ನೇ.

ಸಿನಿಮಾ ನೋಡಬಹುದೇ ಎಂದರೆ, ನೋಡಿ. ಮೊದಲ ಭಾಗ 2 ಗಂಟೆ 23 ನಿಮಿಷ, ಮಕ್ಕಳ ಜೊತೆ ಕೂತು ನೋಡಿದರೂ ಬೇಸರವಿಲ್ಲ. ಅಸ್ಥಿಪಂಜರಗಳು ಬರುವಾಗ ತೀರಾ ಚಿಕ್ಕವರು ಹೆದರಬಹುದು. ಮೂರನೆಯದು ಹತ್ತಿರಹತ್ತಿರ ಮೂರು ಗಂಟೆ, ನಡುವೆ ಕತೆ ಗೋಜಲಾಗಿ ದಾರಿ ತಪ್ಪುತ್ತದೆ. ಡೇಟಾ ಕಡಿಮೆ ಇದ್ದರೆ ಅದರಲ್ಲಿ ಮೊದಲ ಐದು ನಿಮಿಷ ಮತ್ತು ಒಂಬತ್ತು ನಾಯಕರ ಸಭೆ ಸಾಕು. ಸುಂಭಾಜಿ ಬಾಯಿ ತೆರೆದಾಗ ನಗು ಬಂದರೆ ನಕ್ಕುಬಿಡಿ, ನಮಗೂ ಬಂದಿತ್ತು.