ಬರೆಯದ ವಿಮರ್ಶೆಗೆ ಬಂದ ಬೆದರಿಕೆಗಳು

ಮೊಬೈಲ್‌ನಲ್ಲಿ ಬಿಜಿಎಂಐ, ಫ್ರೀ ಫೈರ್ ಆಡುವ ನಮ್ಮ ಓದುಗರಲ್ಲಿ ಹೆಚ್ಚಿನವರು ‘ಗೇಮರ್‌ಗೇಟ್’ ಎಂಬ ಹೆಸರು ಕೇಳಿರಲಿಕ್ಕಿಲ್ಲ. 2014ರಲ್ಲಿ ಅಮೆರಿಕದಲ್ಲಿ ನಡೆದದ್ದು ಅದು. ಗೇಮ್ ಮಾಡುವ, ಗೇಮ್ ಬಗ್ಗೆ ಮಾತಾಡುವ ಹೆಣ್ಣುಮಕ್ಕಳು ಜೀವಭಯದಿಂದ ಮನೆ ಬಿಡಬೇಕಾಗಿ ಬಂದ ಪ್ರಕರಣ. ಪತ್ರಿಕೋದ್ಯಮ ಓದಿದ ನಮಗೆ ಇದು ಇನ್ನಷ್ಟು ಚುಚ್ಚುತ್ತದೆ. ಯಾಕೆಂದರೆ ಆ ಗುಂಪು ತನ್ನ ಹೋರಾಟಕ್ಕೆ ಇಟ್ಟುಕೊಂಡ ಹೆಸರು ‘ಪತ್ರಿಕಾ ನೀತಿ’.

ಈ ಕ್ಷೇತ್ರಕ್ಕೆ ಹೆಂಗಸರೇನೂ ಹೊಸಬರಲ್ಲ. 1982ರಲ್ಲೇ ಹೆಸರು ಮಾಡಿದ್ದ ‘ರಿವರ್ ರೈಡ್’ ಆಟ ಮಾಡಿದವರು ಕ್ಯಾರಲ್ ಶಾ ಎಂಬ ಮಹಿಳೆ. ಆದರೂ ಗೇಮ್ ಎಂದರೆ ಗಂಡುಹುಡುಗರ ಆಸ್ತಿ ಎಂಬ ಭಾವನೆ ಬೇರೂರಿತ್ತು. 2012ರಲ್ಲಿ ಅನಿಟಾ ಸರ್ಕೀಸಿಯನ್ ಎಂಬವರು, ಗೇಮ್‌ಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಎಂದು ವಿಡಿಯೋ ಸರಣಿ ಮಾಡುತ್ತೇನೆ, 6,000 ಡಾಲರ್ ಬೇಕು ಎಂದು ಜನರನ್ನು ಕೇಳಿದರು. ಬೈಗುಳ, ಬೆದರಿಕೆ ಸುರಿದವು. ಅವರ ಫೋಟೋಗೆ ಗುದ್ದಿ ರಕ್ತ ಬರಿಸುವ ಒಂದು ಆಟವನ್ನೇ ಒಬ್ಬ ಮಾಡಿ ಹಾಕಿದ. ಇನ್ನೊಂದು ಕಡೆ ಸುಮಾರು 7,000 ಜನ ಸೇರಿ 1,58,000 ಡಾಲರ್‌ಗೂ ಹೆಚ್ಚು ಕೊಟ್ಟರು. ಸರಣಿಯ ಮೊದಲ ವಿಡಿಯೋ ಇನ್ನೂ ಬಂದೇ ಇರಲಿಲ್ಲ ಎಂಬುದನ್ನು ಗಮನಿಸಿ.

2013ರಲ್ಲಿ ಝೋಯಿ ಕ್ವಿನ್ ಜೊತೆಗಾರರೊಂದಿಗೆ ಸೇರಿ ‘ಡಿಪ್ರೆಶನ್ ಕ್ವೆಸ್ಟ್’ ಎಂಬ ಆಟ ಮಾಡಿದರು. ಅದರಲ್ಲಿ ಗುಂಡಿಲ್ಲ, ಓಟವಿಲ್ಲ. ಖಿನ್ನತೆಯಲ್ಲಿರುವ ವ್ಯಕ್ತಿಯ ದಿನಚರಿಯನ್ನು ಓದುತ್ತಾ, ಮುಂದೇನು ಮಾಡುವುದೆಂದು ಆರಿಸುತ್ತಾ ಹೋಗಬೇಕು. ಕೆಲವು ಆಯ್ಕೆಗಳು ಕಣ್ಣಿಗೆ ಕಾಣುತ್ತವೆ, ಆದರೆ ಅವುಗಳ ಮೇಲೆ ಗೆರೆ ಎಳೆದಿರುತ್ತದೆ, ಒತ್ತಲು ಬರುವುದಿಲ್ಲ. ‘ಎದ್ದು ನಾಲ್ಕು ಜನರ ಜೊತೆ ಬೆರಿ’ ಎಂದು ಖಿನ್ನತೆ ಇರುವವರಿಗೆ ಹೇಳುವುದು ಸುಲಭ, ಅವರಿಗೆ ಅದು ಯಾಕೆ ಆಗುವುದಿಲ್ಲ ಎಂದು ತೋರಿಸುವ ಜಾಣ ದಾರಿ ಇದು. ದುಡ್ಡು ಕೊಡದೆಯೂ ಆಡಬಹುದು. ‘ಇದೂ ಒಂದು ಆಟವೇ?’ ಎಂದು ಸಿಟ್ಟಾದವರು ಮೊದಲೇ ಇದ್ದರು.

2014ರ ಆಗಸ್ಟ್ 16ರಂದು ಕ್ವಿನ್ ಅವರ ಮಾಜಿ ಗೆಳೆಯ ತಮ್ಮಿಬ್ಬರ ಸಂಬಂಧದ ಬಗ್ಗೆ ಒಂಬತ್ತು ಸಾವಿರಕ್ಕೂ ಹೆಚ್ಚು ಪದಗಳ ಬರಹವನ್ನು ಇಂಟರ್‌ನೆಟ್‌ಗೆ ಹಾಕಿದ. ಅದರಲ್ಲಿ ‘ಕೊಟಾಕು’ ಎಂಬ ಗೇಮಿಂಗ್ ಸುದ್ದಿತಾಣದ ಪತ್ರಕರ್ತನೊಬ್ಬನ ಹೆಸರೂ ಇತ್ತು. ಓದಿದವರು ಅಲ್ಲಿಂದ ಮುಂದಕ್ಕೆ ತಾವೇ ಕತೆ ಕಟ್ಟಿದರು: ಒಳ್ಳೆಯ ವಿಮರ್ಶೆ ಬರೆಸಿಕೊಳ್ಳಲು ಕ್ವಿನ್ ಆ ಪತ್ರಕರ್ತನ ಸಂಗ ಮಾಡಿದರು ಎಂದು.

ನೋಡಲು ಹೋದರೆ ಆ ಪತ್ರಕರ್ತ ಡಿಪ್ರೆಶನ್ ಕ್ವೆಸ್ಟ್‌ನ ವಿಮರ್ಶೆಯನ್ನೇ ಬರೆದಿರಲಿಲ್ಲ. ಕೊಟಾಕುವಿನಲ್ಲಿ ಆತ ಕ್ವಿನ್ ಹೆಸರು ತೆಗೆದದ್ದು ಒಂದೇ ಲೇಖನದಲ್ಲಿ, ಅದೂ ಕೈಕೊಟ್ಟ ಒಂದು ರಿಯಾಲಿಟಿ ಶೋ ಬಗ್ಗೆ. ಅದು ಬಂದದ್ದು ಮಾರ್ಚ್ ಕೊನೆಗೆ, ಅವರ ಸಂಬಂಧ ಶುರುವಾದದ್ದು ಅದರ ನಂತರ ಎಂದು ಸಂಪಾದಕರು ಪರಿಶೀಲಿಸಿ ಹೇಳಿದರು. ಹುಡುಕಿ ನೋಡಲು ಐದು ನಿಮಿಷ ಸಾಕಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಆಗಸ್ಟ್ 27ರಂದು ನಟ ಆಡಮ್ ಬಾಲ್ಡ್ವಿನ್ ಟ್ವಿಟರ್‌ನಲ್ಲಿ ಇದಕ್ಕೆ ‘ಗೇಮರ್‌ಗೇಟ್’ ಎಂದು ಹೆಸರಿಟ್ಟ ಮೇಲಂತೂ ಕಿಚ್ಚು ಎಲ್ಲೆಡೆ ಹಬ್ಬಿತು.

ಪತ್ರಕರ್ತರನ್ನು ಪ್ರಶ್ನಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ, ಪ್ರಶ್ನಿಸಲೇಬೇಕು. ಆದರೆ ನೀತಿ ತಪ್ಪಿದ್ದು ಪತ್ರಕರ್ತ ಎಂದಾದರೆ ಉತ್ತರ ಕೊಡಬೇಕಾದವನು ಅವನಲ್ಲವೇ? ನ್ಯೂಸ್‌ವೀಕ್ ಪತ್ರಿಕೆ ಆ ಅಕ್ಟೋಬರ್‌ನಲ್ಲಿ ಲೆಕ್ಕ ಹಾಕಿಸಿತು. ಸೆಪ್ಟೆಂಬರ್ 1ರಿಂದೀಚೆಗೆ ಆ ಹ್ಯಾಷ್‌ಟ್ಯಾಗ್ ಹಾಕಿ ಪತ್ರಕರ್ತನಿಗೆ ಕಳಿಸಿದ ಟ್ವೀಟ್‌ಗಳು 732. ಕ್ವಿನ್‌ಗೆ ಕಳಿಸಿದವು 10,400.

ಇವು ಬರೀ ಟ್ವೀಟ್‌ಗಳಾಗಿದ್ದರೆ ಫೋನ್ ಆಫ್ ಮಾಡಿ ಕೂರಬಹುದಿತ್ತು. ಆದರೆ ಕ್ವಿನ್ ಅವರ ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಬಯಲಿಗೆ ಹಾಕಿದರು. ಎಲ್ಲೋ ಕೂತವನ ಬೈಗುಳ ಆಗ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಕ್ವಿನ್ ಮನೆ ಬಿಟ್ಟರು. ಅದೇ ಆಗಸ್ಟ್‌ನಲ್ಲಿ ಸರ್ಕೀಸಿಯನ್ ಬಿಟ್ಟರು. ಅಕ್ಟೋಬರ್ 10ರ ರಾತ್ರಿ, ಗೇಮರ್‌ಗೇಟನ್ನು ಗೇಲಿ ಮಾಡಿದ್ದ ಬ್ರಿಯಾನಾ ವೂ ಎಂಬ ಗೇಮ್ ತಯಾರಕಿಯ ವಿಳಾಸವೂ ಕೊಲೆ ಬೆದರಿಕೆಯ ಜೊತೆ ಹೊರಬಿತ್ತು. ಅವರೂ ಗಂಡನ ಜೊತೆ ಮನೆ ಬಿಟ್ಟರು.

ಇಷ್ಟಾದರೂ ಸರ್ಕೀಸಿಯನ್ ಅಕ್ಟೋಬರ್ 15ರಂದು ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡುವುದಿತ್ತು. ಹಿಂದಿನ ದಿನ ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಬಂತು: ಭಾಷಣ ನಡೆದರೆ ಗುಂಡಿಟ್ಟು ಸಾಮೂಹಿಕ ಕೊಲೆ ಮಾಡುತ್ತೇನೆ. ಅದರಲ್ಲಿ ಮಾಂಟ್ರಿಯಲ್ ಹತ್ಯಾಕಾಂಡದ ಪ್ರಸ್ತಾಪವಿತ್ತು. 1989ರಲ್ಲಿ ಕೆನಡಾದ ಆ ನಗರದ ಎಂಜಿನಿಯರಿಂಗ್ ಕಾಲೇಜಿಗೆ ನುಗ್ಗಿದವನೊಬ್ಬ, ಸ್ತ್ರೀವಾದಿಗಳನ್ನು ಕಂಡರಾಗದು ಎಂದು ಹೇಳಿ 14 ಹೆಣ್ಣುಮಕ್ಕಳನ್ನು ಕೊಂದಿದ್ದ. ಸಭೆಗೆ ಬರುವವರನ್ನು ತಪಾಸಣೆ ಮಾಡಿ ಬಂದೂಕು ತಡೆಯಿರಿ ಎಂದು ಸರ್ಕೀಸಿಯನ್ ಕೇಳಿದರು. ಯೂಟಾ ರಾಜ್ಯದ ಕಾನೂನಿನ ಪ್ರಕಾರ ಪರವಾನಗಿ ಇದ್ದವರು ಕ್ಯಾಂಪಸ್ಸಿಗೆ ಬಂದೂಕು ತರಬಹುದು, ತಡೆಯಲು ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಬಂದೂಕಿನ ಹಕ್ಕು ಉಳಿಯಿತು, ಭಾಷಣ ರದ್ದಾಯಿತು.

2015ರ ಜನವರಿಯಲ್ಲಿ ಕ್ವಿನ್ ಹೀಗೆ ಕಿರುಕುಳಕ್ಕೆ ಸಿಕ್ಕವರಿಗೆ ನೆರವಾಗಲು ‘ಕ್ರ್ಯಾಶ್ ಓವರ್‌ರೈಡ್’ ಎಂಬ ಜಾಲ ಕಟ್ಟಿದರು. ಆ ಸೆಪ್ಟೆಂಬರ್‌ನಲ್ಲಿ ಕ್ವಿನ್, ಸರ್ಕೀಸಿಯನ್ ಇಬ್ಬರೂ ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಬೆದರಿಕೆಗಳ ಬಗ್ಗೆ ಎಫ್‌ಬಿಐ ತನಿಖೆ ನಡೆಸಿತು. ಅದರ ಕಡತಗಳು 2017ರ ಜನವರಿಯಲ್ಲಿ ಹೊರಬಂದವು. ಯಾರೊಬ್ಬರ ಮೇಲೂ ಮೊಕದ್ದಮೆ ಹೂಡದೆ ತನಿಖೆಯನ್ನು ಮುಚ್ಚಲಾಗಿತ್ತು.